ಪ್ರಯೋಗಶಾಲೆಯ ಕಿಟಕಿಯಿಂದ: ಯಥಾರ್ಥವಾದಿ ಲೋಕವಿರೋಧಿ

ಕಳೆದ ಸಂಚಿಕೆಯಲ್ಲಿ ತೇಜಸ್ವಿಯವರ ‘ಪರಿಸರದ ಕತೆ’ಯ ಬಗ್ಗೆ ನಾವು ಬರೆದ ನಾಲ್ಕು ಮಾತುಗಳನ್ನೋದಿ ವಾಚಕರೊಬ್ಬರು ಕಾಗದ ಹಾಕಿದ್ದಾರೆ. ‘ಮೂಡಿಗೆರೆಯ ತೇಜಸ್ವಿಯವರಂತೆ ಓದುಗನನ್ನು ಚಿವುಟಿ ಎಬ್ಬಿಸುವ ಲೇಖಕರು ಈ ಜರ್ಮನಿಯಲ್ಲಿ ಯಾರೂ ಇರಲಿಲ್ಲವೆ? ಇಲ್ಲಿಯವರೆಲ್ಲ ಬರೀ ಅಂಕಿ ಅಂಶದ ಜನವೆ?’ ಎಂಬುದು ಅವರ ಪ್ರಶ್ನೆ. ಇದ್ದರು ಸ್ವಾಮಿ. ಹೆಸರು ಹೋರ್ಸ್ಟ್ ಶ್ಟೆರ್ನ್. 1922ರ ಅಕ್ಟೋಬರ್ 24ರಂದು, ಇಂದು ಪೋಲೆಂಡಿಗೆ ಸೇರಿರುವ ಶ್ಟೆಟಿನ್ ನಗರದಲ್ಲಿ ಹುಟ್ಟಿದರು. 2019ರ ಜನವರಿ 17ರಂದು ಪಸ್ಸಾವಿನಲ್ಲಿ ತೀರಿಕೊಂಡರು. ಚಿವುಟುವುದಂತಿರಲಿ, ಬಾರುಕೋಲನ್ನೇ ಬೀಸಿದವರು.

ನಾವು ಅವರನ್ನು ಕಂಡವರಲ್ಲ. ಅವರು ದೂರದರ್ಶನ ಬಿಟ್ಟು ಎಷ್ಟೋ ವರ್ಷಗಳ ಮೇಲೆ ನಾವು ಹುಟ್ಟಿದ್ದು. ನಮಗೆ ಅವರು ಸಿಕ್ಕಿದ್ದೆಲ್ಲ ಇತರರ ಬಾಯಿಂದ, ಇತರರ ಲೇಖನಿಯಿಂದ. ಸಾಹಿತ್ಯ ವಿದ್ವಾಂಸ ಲುಡ್ವಿಗ್ ಫಿಷರ್ 1997ರಲ್ಲಿ ಅವರ ಬಗ್ಗೆ ಒಂದು ಸಂಪುಟ ಸಂಪಾದಿಸಿದರು. ಅದರ ಹೆಸರನ್ನು ಕನ್ನಡಕ್ಕೆ ತಂದರೆ ‘ಇತ್ಯರ್ಥವಾಗದ ಅರಿವುಗಳು’ ಎಂದಾದೀತು. ಒಬ್ಬ ಮನುಷ್ಯ ಬದುಕಿರುವಾಗಲೇ ಅವನ ಮಾತುಗಳಿಗೆ ಇಂಥ ಹೆಸರು ಬರುವುದು ಗೌರವವೋ ವಿಷಾದವೋ ಹೇಳುವುದು ಕಷ್ಟ.

ಶ್ಟೆರ್ನ್ ಪ್ರಾಣಿಶಾಸ್ತ್ರ ಓದಿದವರಲ್ಲ. ಯುದ್ಧದಲ್ಲಿ ಅಮೆರಿಕನ್ನರ ಸೆರೆಯಾಳಾಗಿದ್ದು ಊರಿಗೆ ಮರಳಿದ ಮೇಲೆ ಸ್ಟುಟ್‌ಗಾರ್ಟಿನ ಪತ್ರಿಕೆಯೊಂದಕ್ಕೆ ನ್ಯಾಯಾಲಯದ ವರದಿ ಬರೆದರು. ಆಮೇಲೆ ಮೋಟಾರಿನ ಪತ್ರಿಕೆ, ಹಾಯಿದೋಣಿಯ ಪತ್ರಿಕೆ, ರೇಡಿಯೋದಲ್ಲಿ ಶಾಲಾ ಮಕ್ಕಳಿಗೆ ಪ್ರಾಣಿಗಳ ಪಾಠ. ಹೋಹೆನ್‌ಹೈಮ್ ವಿಶ್ವವಿದ್ಯಾಲಯ ಮುಂದೆ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಆ ಪದವಿಗಾಗಿ ವರ್ಷಗಟ್ಟಲೆ ಫ್ಲಾಸ್ಕು ತೊಳೆದ ನಮ್ಮಂಥವರಿಗೆ ಹೊಟ್ಟೆಕಿಚ್ಚಾಗಬೇಕು, ಆಗುವುದಿಲ್ಲ. ನ್ಯಾಯಾಲಯದಲ್ಲಿ ಕಲಿತ ಒಂದು ಅಭ್ಯಾಸ ಅವರನ್ನು ಕಡೆತನಕ ಬಿಡಲಿಲ್ಲವೆಂದು ನಮಗೆ ತೋರುತ್ತದೆ: ಮೊದಲು ಸಾಕ್ಷಿ, ಆಮೇಲೆ ಮರುಕ.

1970ರಲ್ಲಿ ಅವರ ದೂರದರ್ಶನ ಮಾಲಿಕೆ ‘ಶ್ಟೆರ್ನ್ಸ್ ಶ್ಟುಂಡೆ’ ಆರಂಭವಾಯಿತು. ಶ್ಟೆರ್ನ್ ಎಂದರೆ ನಕ್ಷತ್ರ, ಶ್ಟುಂಡೆ ಎಂದರೆ ಗಳಿಗೆ. ಎರಡೂ ಕೂಡಿದರೆ ಜರ್ಮನರ ಬಾಯಲ್ಲಿ ಶುಭ ಮುಹೂರ್ತ. ಆ ಮುಹೂರ್ತದಲ್ಲಿ ಕುದುರೆ, ದನ, ಹಂದಿಗಳ ನಿಜಸ್ಥಿತಿ ಒಂದೊಂದಾಗಿ ಹೊರಬಿತ್ತು. ಅದಕ್ಕೆ ಮುಂಚೆ ಪ್ರಾಣಿಗಳ ಕಾರ್ಯಕ್ರಮವೆಂದರೆ ಫ್ರಾಂಕ್‌ಫರ್ಟ್ ಮೃಗಾಲಯದ ಬೆರ್ನ್‌ಹಾರ್ಡ್ ಗ್ರ್ಜಿಮೆಕ್ ಅವರದು. ಚಿರತೆಮರಿಯನ್ನೋ ಕೋತಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ತಾತನಂತೆ ಮಾತಾಡಿ, ಕೊನೆಗೆ ಆಫ್ರಿಕದ ಕಾಡಿಗಾಗಿ ದೇಣಿಗೆ ಕೇಳುತ್ತಿದ್ದರು. ಅವರ ಕೆಲಸ ಸಣ್ಣದಲ್ಲ. ಆದರೆ ಶ್ಟೆರ್ನ್ ಆಫ್ರಿಕಕ್ಕೆ ಹೋಗದೆ ನೋಡುವವನ ಕೊಟ್ಟಿಗೆಗೇ ನುಗ್ಗಿದರು.

1971ರ ಡಿಸೆಂಬರ್ 24. ಕ್ರಿಸ್‌ಮಸ್ ಹಿಂದಿನ ಸಂಜೆ. ಮನೆಮನೆಯಲ್ಲಿ ಮರಕ್ಕೆ ದೀಪ ಹಚ್ಚಿ, ಮಕ್ಕಳಿಗೆ ಉಡುಗೊರೆ ಹಂಚಿ, ಜನ ಪೆಟ್ಟಿಗೆಯ ಮುಂದೆ ಕೂತಿದ್ದಾರೆ. ನಮ್ಮಲ್ಲಿ ದೀಪಾವಳಿಯ ರಾತ್ರಿ ಎಂದಿಟ್ಟುಕೊಳ್ಳಿ. ಬಂದದ್ದು ಕೆಂಪು ಜಿಂಕೆಯ ಚಿತ್ರ. ಕೆಂಪು ಜಿಂಕೆ ಎಂದರೆ ನಮ್ಮ ಕಡವೆಯ ಬಂಧು. ಕವಲುಗೊಂಬಿನ ಗಂಡು ಇಲ್ಲಿಯ ಕಾಡಿನ ಅರಸ. ಅರಸನ ಗುಣಗಾನ ಕೇಳಲು ಕೂತವರಿಗೆ ಶ್ಟೆರ್ನ್ ಹೇಳಿದ್ದು ಬೇರೆ: ಈಗ ಅವಸರವಿರುವುದು ಜಿಂಕೆಯನ್ನು ಉಳಿಸುವುದಕ್ಕಲ್ಲ, ಗುಂಡಿಕ್ಕುವುದಕ್ಕೆ. ತೋಳವನ್ನೂ ಲಿಂಕ್ಸ್ ಬೆಕ್ಕನ್ನೂ ಹಿಂದಿನವರು ಮುಗಿಸಿದ್ದರು. ಕೊಂಬಿನ ಆಸೆಗೆ ಬೇಟೆಗಾರರು ಚಳಿಗಾಲದಲ್ಲಿ ಮೇವು ಹಾಕಿ ಜಿಂಕೆಗಳನ್ನು ಬೆಳೆಸಿದ್ದರು. ಅವು ಎಳೆಯ ಫರ್, ಬೀಚ್ ಸಸಿಗಳನ್ನು ಮೇಯ್ದು, ಮರದ ತೊಗಟೆ ಸುಲಿದು, ಕಾಡಿಗೆ ಮರುಹುಟ್ಟಿಲ್ಲದಂತೆ ಮಾಡಿದ್ದವು. ಕ್ರಿಸ್‌ಮಸ್ ಮರದ ಹಾಡು ಹಾಡಿದರೆ ಕಾಡು ಉಳಿಯುವುದಿಲ್ಲ ಎಂಬ ಅರ್ಥದ ಮಾತಿನೊಂದಿಗೆ ಚಿತ್ರ ಮುಗಿಯಿತು. ಬೇಟೆಗಾರರ ಸಂಘಗಳು ಕೆರಳಿ ಕೆಂಡವಾದವು. ನಮ್ಮ ಪ್ರಯೋಗಶಾಲೆಯಲ್ಲಿ ನಿವೃತ್ತಿಗೆ ಹತ್ತಿರವಾದ ಹಿರಿಯರೊಬ್ಬರಿದ್ದಾರೆ. ಆ ಸಂಜೆ ಅವರಿಗೆ ಎಂಟು ವರ್ಷ. ಅಜ್ಜ ಎದ್ದು ಪೆಟ್ಟಿಗೆ ಆರಿಸಿಬಿಟ್ಟದ್ದು ಮಾತ್ರ ನೆನಪಿದೆಯಂತೆ.

ಬೇಟೆಗಾರರು ದೂರವಾದಂತೆ ಕಾಡಿನವರು ಹತ್ತಿರವಾದರು. ಜರ್ಮನಿಯ ಮೊದಲ ರಾಷ್ಟ್ರೀಯ ಉದ್ಯಾನ ಬವೇರಿಯದ ಕಾಡಿನಲ್ಲಿ 1970ರ ಅಕ್ಟೋಬರಿನಲ್ಲಿ ತೆರೆದಿತ್ತು. ಅದರ ಮೇಲಧಿಕಾರಿ ಹನ್ಸ್ ಬಿಬೆಲ್‌ರೀಟರ್, ಜೊತೆಗಾರ ಗೇಯೋರ್ಗ್ ಸ್ಪೆರ್ಬರ್. ಇಬ್ಬರೂ ಜಿಂಕೆಗಳ ಸಂಖ್ಯೆ ಇಳಿಸಲು ಹೊರಟು ಸುತ್ತಣ ಬೇಟೆಗಾರರ ಕಣ್ಣಿಗೆ ಕಿಸುರಾಗಿದ್ದವರು. 1979ರಲ್ಲಿ ಶ್ಟೆರ್ನ್ ಸಂಪಾದಿಸಿದ ‘ಕಾಡನ್ನು ಉಳಿಸಿ’ ಎಂಬ ಗ್ರಂಥದಲ್ಲಿ ಬಿಬೆಲ್‌ರೀಟರ್ ಜೊತೆ ಅರಣ್ಯ ಪ್ರಾಧ್ಯಾಪಕರೂ ವನ್ಯಜೀವಿ ವಿಜ್ಞಾನಿ ವುಲ್ಫ್‌ಗಾಂಗ್ ಶ್ರ್ಯೋಡರ್ ಅವರೂ ಕೂಡಿ ಬರೆದರು. ಶ್ಟೆರ್ನ್ ಅವರ ‘ನಟೂರ್’ ಪತ್ರಿಕೆಯಲ್ಲಿ ದುಡಿದ ಕ್ಲೌಸ್-ಪೇಟರ್ ಲೀಕ್‌ಫೆಲ್ಡ್ 2006ರಲ್ಲಿ ಸ್ಪೆರ್ಬರ್ ಅವರ ಮೇಲೆ ಒಂದು ಇಡೀ ಪುಸ್ತಕ ಬರೆದರು. ಅದಕ್ಕೂ ಮುಂಚೆ, 1975ರ ಜುಲೈ 20ರಂದು, ಗ್ರ್ಜಿಮೆಕ್, ಹೂಬರ್ಟ್ ವೈನ್ಸಿಯೆರ್ಲ್ ಮೊದಲಾದವರೊಡನೆ ಶ್ಟೆರ್ನ್ ‘ಬುಂಡ್’ ಎಂಬ ಪರಿಸರ ಸಂಘವನ್ನು ಕಟ್ಟಿದರು. ಇಂದು ಜರ್ಮನಿಯ ಊರೂರಿನಲ್ಲಿ ಅದರ ಶಾಖೆಗಳಿವೆ. ತಾತನಂತಿದ್ದ ಗ್ರ್ಜಿಮೆಕ್ ಮತ್ತು ಬಾರುಕೋಲಿನ ಶ್ಟೆರ್ನ್ ಒಂದೇ ಸಂಘದ ಪತ್ರಕ್ಕೆ ರುಜು ಹಾಕಿದರೆಂಬುದು ನಮ್ಮ ಸಂಘ ಸಂಸ್ಥೆಗಳವರು ಗಮನಿಸತಕ್ಕ ವಿಷಯ!

ಇಷ್ಟಕ್ಕೇ ನಿಂತಿದ್ದರೆ ನಾವು ಈ ಅಂಕಣ ಬರೆಯುತ್ತಿರಲಿಲ್ಲ. ಎದುರಾಳಿಯನ್ನು ಬೈಯುವುದಕ್ಕೆ ಅಂಥ ಧೈರ್ಯವೇನೂ ಬೇಡ. 1978ರಲ್ಲಿ ಶ್ಟೆರ್ನ್ ಔಷಧ ಸಂಶೋಧನೆಯ ಪ್ರಾಣಿಗಳ ಬಗ್ಗೆ ಚಿತ್ರ ತೆಗೆದರು. ಹೆಸರು ‘ಬದಲಿಗೆ ನಿಂತವರು’. ಹಿನ್ನೆಲೆ ಇಲ್ಲಿಯ ಜನಕ್ಕೆ ಗೊತ್ತಿದ್ದದ್ದೇ: 1957ರಲ್ಲಿ ಪೇಟೆಗೆ ಬಂದು 1961ರ ನವೆಂಬರಿನಲ್ಲಿ ಹಿಂದಕ್ಕೆ ಹೋದ ಕಾಂಟರ್ಗಾನ್ ಎಂಬ ನಿದ್ರೆಯ ಗುಳಿಗೆ, ಬಸುರಿಯರು ನುಂಗಿದ್ದರಿಂದ, ಸಾವಿರಾರು ಕೂಸುಗಳನ್ನು ಊನವಾಗಿ ಹುಟ್ಟಿಸಿತ್ತು. ಔಷಧದ ಹೊಸ ಕಾಯಿದೆ ಜಾರಿಗೆ ಬಂದದ್ದೂ ಅದೇ 1978ರ ಜನವರಿಯಲ್ಲಿ. ಪ್ರಾಣಿಪ್ರಿಯರೆಲ್ಲ ಶ್ಟೆರ್ನ್ ಈಗ ಕಂಪೆನಿಗಳ ಬೆನ್ನೆಲುಬು ಮುರಿಯುತ್ತಾರೆಂದು ಕಾದರು. ಅವರು ದೃಶ್ಯಗಳನ್ನು ಮುಚ್ಚಿಡಲಿಲ್ಲ. ಎಷ್ಟೋ ಪ್ರಯೋಗ ಅನಗತ್ಯವೆಂದರು. ಆದರೆ ಗುಳಿಗೆ ಬೇಕೆನ್ನುವ ಸಮಾಜ ಪ್ರಯೋಗವನ್ನು ಪೂರ್ತಿ ಬೇಡವೆನ್ನಲಾರದು ಎಂದೂ ಹೇಳಿದರು. ತಮ್ಮವರೇ ತಿರುಗಿಬಿದ್ದರು. ದ್ರೋಹಿ ಎಂಬಷ್ಟು ಕಟುವಾಗಿ ನೋಡಿದರು. ಮರುವರ್ಷ ಮಾಲಿಕೆ ನಿಂತಿತು.

ರಸಾಯನದ ಕೆಲಸ ಮಾಡುವ ನಮಗೆ ಆ ಚಿತ್ರದ ಹೆಸರೇ ಸಾಕು. ಸೀಸೆಯೊಂದಿಗೆ ಬರುವ ಸುರಕ್ಷತೆಯ ಹಾಳೆಯಲ್ಲಿ ‘ಎಲ್.ಡಿ. 50, ಇಲಿ, ಬಾಯಿಯ ಮೂಲಕ’ ಎಂದು ಒಂದು ಸಂಖ್ಯೆ ಇರುತ್ತದೆ. ಅಷ್ಟು ಪ್ರಮಾಣ ಕೊಟ್ಟರೆ ಗುಂಪಿನ ಅರ್ಧದಷ್ಟು ಸಾಯುತ್ತವೆಂದು ಅರ್ಥ. 1927ರಲ್ಲಿ ಟ್ರೆವನ್ ಎಂಬ ಇಂಗ್ಲಿಷ್ ವಿಜ್ಞಾನಿ ಈ ಅಳತೆಯನ್ನು ಬಳಕೆಗೆ ತಂದರು. ಹಳೆಯ ಕ್ರಮದಲ್ಲಿ ಒಂದೊಂದು ವಸ್ತುವಿಗೂ ಪ್ರಾಣಿಗಳ ಗುಂಪುಗಳೇ ಬೇಕಿದ್ದವು. ಆರ್ಥಿಕ ಸಹಕಾರ ರಾಷ್ಟ್ರಗಳ ಒಕ್ಕೂಟ ಆ ಕ್ರಮವನ್ನು 2002ರಲ್ಲಿ ಕೈಬಿಟ್ಟಿತು. ಅದೇ ವರ್ಷ ಜರ್ಮನಿಯ ಸಂವಿಧಾನದಲ್ಲೂ ಪ್ರಾಣಿರಕ್ಷಣೆಗೆ ಸ್ಥಾನ ಸಿಕ್ಕಿತು. ಹಳೆಯ ಸಂಖ್ಯೆಗಳು ಮಾತ್ರ ಹಾಳೆಯಲ್ಲಿವೆ. ಅವನ್ನು ನಂಬಿಯೇ ನಾವು ಕೈಚೀಲ ತೊಡುತ್ತೇವೆ, ಹೊಗೆಗೂಡಿನ ಗಾಜು ಇಳಿಸುತ್ತೇವೆ, ಸಂಜೆ ಕ್ಷೇಮವಾಗಿ ಮನೆ ಸೇರುತ್ತೇವೆ. ನಮ್ಮಲ್ಲನೇಕರು ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟದವರು. ಆ ಇಲಿಯ ಲೆಕ್ಕ ಯಾರ ಖಾತೆಗೆ ಬರೆಯಬೇಕೆಂದು ಊಟದ ಮೇಜಿನಲ್ಲಿ ಕೇಳಿ ನೋಡಿದ್ದೇವೆ. ಮಾತು ಬೇಗ ಸಾರಿನ ಪುಡಿಯ ಕಡೆಗೆ ತಿರುಗುತ್ತದೆ.

ವಾಚಕರ ಹೋಲಿಕೆ ತಪ್ಪಲ್ಲ. ರಾಜೇಶ್ವರಿಯವರ ‘ನನ್ನ ತೇಜಸ್ವಿ’ಯಲ್ಲಿ ಸಂತನ ಪಟ ಸಿಗುವುದಿಲ್ಲ. ಕೋವಿ, ಗಾಳ, ಕ್ಯಾಮೆರಾ ಮೂರನ್ನೂ ಹಿಡಿದಿದ್ದ ಮನುಷ್ಯ ಸಿಗುತ್ತಾರೆ. ಕಾಡನ್ನು ದೇವರಕೋಣೆ ಮಾಡಿ ಕೈಮುಗಿಯುವವರನ್ನು ಕಂಡರೆ ಇಬ್ಬರಿಗೂ ಆಗುತ್ತಿರಲಿಲ್ಲ. ವ್ಯತ್ಯಾಸವೆಂದರೆ ತೇಜಸ್ವಿ ನಗಿಸಿ ಹೇಳಿದರು, ಕರಿಯಪ್ಪನಂಥವರು ಜೊತೆಗಿದ್ದರು. ಶ್ಟೆರ್ನ್ ಅವರ ಬಳಿ ಇದ್ದದ್ದು ವ್ಯಂಗ್ಯ. ವ್ಯಂಗ್ಯ ಗೆಳೆಯರನ್ನು ಬೇಗ ದಣಿಸುತ್ತದೆ.

1980ರ ದಶಕದ ಆರಂಭದಲ್ಲಿ ‘ನಟೂರ್’ ಮಾಸಿಕವನ್ನು ನಡೆಸಿ, 1984ರಲ್ಲಿ ಅದನ್ನೂ ಬಿಟ್ಟು, ಶ್ಟೆರ್ನ್ ಐರ್ಲೆಂಡಿಗೆ ಸರಿದರು. ಅಲ್ಲಿಂದ ಬಂದದ್ದು ಕಾದಂಬರಿಗಳು. 1986ರಲ್ಲಿ, ಗಿಡುಗದ ಬೇಟೆಯ ಮೇಲೆ ಗ್ರಂಥ ಬರೆದ ಚಕ್ರವರ್ತಿ ಎರಡನೆಯ ಫ್ರೀಡ್ರಿಕ್‌ನ ಕಥೆ; 1989ರಲ್ಲಿ ‘ಯಾಗ್ಡ್‌ನೊವೆಲ್ಲೆ’, ಒಂದು ಕರಡಿ ಮತ್ತು ಅದನ್ನು ಹೊಡೆಯಲು ಬಂದ ಬ್ಯಾಂಕಿನ ದೊಡ್ಡ ಮನುಷ್ಯನ ಕಥೆ. ಸಭೆಗೆ ಕರೆದರೆ ಬರುತ್ತಾರೆಂಬ ಕಾಲ ಮುಗಿದಿತ್ತು.

ಎರಡನೆಯದು ಸಣ್ಣ ಪುಸ್ತಕ. ಜರ್ಮನ್ ಬಲ್ಲವರು ಎರಡು ಸಂಜೆಗಳಲ್ಲಿ ಓದಬಹುದು. ನಮ್ಮಲ್ಲೊಂದು ಪ್ರತಿಯಿದೆ. ಬೇಕೆಂದವರು ಸಂಪಾದಕರಿಗೆ ತಿಳಿಸಿದರೆ ಅಂಚೆಯಲ್ಲಿ ಕಳಿಸುತ್ತೇವೆ, ಓದಿ ಹಿಂದಿರುಗಿಸಬೇಕು. ಯಾರಾದರೂ ಮೊದಲ ಹತ್ತು ಪುಟ ಕನ್ನಡಕ್ಕೆ ತಂದು ನೋಡಿದರೆ ಹಿಂದಿರುಗಿಸದಿದ್ದರೂ ಚಿಂತೆಯಿಲ್ಲ.