ಮನೆಯೂ ಒಂದು ವಾದ್ಯ

ವಾದ್ಯದ ನಾದವೆಲ್ಲ ವಾದ್ಯದಲ್ಲಿಯೇ ಹುಟ್ಟುವುದೆಂಬುದು ಲೋಕದ ನಂಬಿಕೆ. ವಿಜಯಪುರದ ಗೋಲಗುಮ್ಮಟದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದವರು ಅದನ್ನು ಒಪ್ಪಲಾರರು. ಕೈ ತಟ್ಟಿದುದು ಒಂದು ಸಲ. ಗುಮ್ಮಟ ಮರುನುಡಿದುದು ಹಲವು ಸಲ!

ಪಾಶ್ಚಾತ್ಯ ರಾಕ್ ಸಂಗೀತದ ಹೆಸರಾಂತ ಡ್ರಮ್ ನಾದವೊಂದು ಹೀಗೆಯೇ ಕಟ್ಟಡದ ಕೊಡುಗೆ. ಲೆಡ್ ಜೆಪ್ಪೆಲಿನ್ ವೃಂದವು 1971ರಲ್ಲಿ ಹೊರತಂದ ‘ವೆನ್ ದ ಲೆವೀ ಬ್ರೇಕ್ಸ್’ ಗೀತೆಗಾಗಿ ಜಾನ್ ಬಾನಮ್ ಡ್ರಮ್ ನುಡಿಸಿದುದು ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಮನೆಯ ಮೆಟ್ಟಿಲ ಬುಡದಲ್ಲಿ. 1795ರಲ್ಲಿ ಬಡವರ ಆಶ್ರಯಕ್ಕೆಂದು ಕಟ್ಟಿದ ಮನೆ ಅದು. ಧ್ವನಿತಜ್ಞ ಆಂಡಿ ಜಾನ್ಸ್ ಎರಡು ಮೈಕುಗಳನ್ನು ಮೇಲಣ ಮಹಡಿಯಿಂದ ಇಳಿಬಿಟ್ಟ. ಕೋಲಿನ ಪೆಟ್ಟಿನೊಡನೆ ಗೋಡೆಗಳ ಮಾರ್ದನಿಯೂ ಮೈಕಿಗೆ ಸಿಕ್ಕಿತು. ನಾದಕ್ಕೆ ಆ ಗಾಂಭೀರ್ಯ ಬಂದುದು ಹಾಗೆ.

ಅಂಥ ನಾದವನ್ನು ಇಂದು ಜಯನಗರದ ಕೊಠಡಿಯೊಂದರಲ್ಲಿ ಕಂಪ್ಯೂಟರಿನ ನೆರವಿನಿಂದ ಮರಳಿ ಪಡೆಯಬಹುದೆ? ಬಹುಮಟ್ಟಿಗೆ ಪಡೆಯಬಹುದು. ಹಜಾರವೊಂದರಲ್ಲಿ ಮಂದ್ರದಿಂದ ತಾರಕ್ಕೆ ಏರುವ ಸ್ವರವನ್ನು ಸ್ಪೀಕರಿನಿಂದ ಹೊರಡಿಸಿ, ಅದಕ್ಕೆ ಗೋಡೆಗಳು ಕೊಡುವ ಉತ್ತರವನ್ನು ಮುದ್ರಿಸಿಕೊಂಡರೆ ಆ ಹಜಾರದ ನಾದದ ಅಚ್ಚು ದೊರೆತಂತೆ. ಬಳಿಕ, ಹಾಸಿಗೆ ಹೊದಿಕೆಗಳಿಂದ ಮಾರ್ದನಿಯನ್ನು ಅಡಗಿಸಿದ ಕೋಣೆಯಲ್ಲಿ ಡ್ರಮ್ ನುಡಿಸಿ, ಆ ಒಣ ದನಿಗೆ ಕಂಪ್ಯೂಟರು ಕ್ಷಣಕ್ಷಣಕ್ಕೂ ಈ ಅಚ್ಚನ್ನು ಒತ್ತುತ್ತದೆ. ಈ ಗಣಿತಕ್ರಿಯೆಯ ಹೆಸರು ಕನ್ವಲ್ಯೂಷನ್. ಆದರೆ ಬಾನಮನ ತೋಳಿನ ಬಲವೂ ಲಯದ ಹಿಡಿತವೂ ಯಂತ್ರಕ್ಕೆ ದಕ್ಕವು. ಅವನ್ನು ವಾದಕನೇ ಸಾಧಿಸಿಕೊಳ್ಳಬೇಕು.

ಹೆಡ್ಲಿ ಗ್ರೇಂಜ್ ಇಂದಿಗೂ ನಿಂತಿದೆ. ಜಯನಗರ, ಬನಶಂಕರಿಗಳಲ್ಲಾದರೋ ಕೆಂಪು ಗಾರೆಯ ನೆಲದ, ಒಳಮೆಟ್ಟಿಲಿನ ಹಳೆಯ ಮನೆಗಳು ಒಂದೊಂದಾಗಿ ಉರುಳುತ್ತಿವೆ. ಅಲ್ಲಿ ಅಪಾರ್ಟ್‌ಮೆಂಟುಗಳು ಏಳುತ್ತಿವೆ. ಮನೆ ಬಿಡುವವರು ಭಾವಚಿತ್ರ ತೆಗೆಸಿಕೊಳ್ಳುತ್ತಾರೆ, ಬಾಗಿಲು ಕಿಟಕಿಗಳನ್ನು ಕಾಪಿಡುತ್ತಾರೆ. ಹಜಾರದ ದನಿಯನ್ನು ಕಾಪಿಡಬೇಕೆಂಬುದು ಯಾರಿಗೂ ಹೊಳೆಯದು. ಒಂದು ಸ್ಪೀಕರು, ಒಂದು ಮೈಕು, ಕೆಲವು ನಿಮಿಷಗಳ ನಿಶ್ಶಬ್ದ, ಇಷ್ಟಿದ್ದರೆ ಸಾಕು. ಸಾಮಾನು ಸಾಗಿಸುವ ಮುನ್ನ ಒಮ್ಮೆ, ಸಾಗಿಸಿದ ಮೇಲೆ ಇನ್ನೊಮ್ಮೆ ಮುದ್ರಿಸುವುದು ಒಳಿತು. ಹಾಸಿಗೆ, ಬಟ್ಟೆ, ಪುಸ್ತಕಗಳು ದನಿಯನ್ನು ಹೀರುವುದರಿಂದ ತುಂಬಿದ ಮನೆಯ ನುಡಿಯೇ ಬೇರೆ, ಬರಿದಾದ ಮನೆಯ ನುಡಿಯೇ ಬೇರೆ.

ಹಾಗೆ ಮಾಡಿದಲ್ಲಿ, ಆ ಮನೆಯನ್ನು ಕಾಣದ ಮೊಮ್ಮಗನ ಮೃದಂಗಕ್ಕೂ ಒಂದು ದಿನ ಅಜ್ಜನ ಹಜಾರವು ಓಗೊಟ್ಟೀತು.