ಕಾರಿನೊಳಗಿನ ಗಾಳಿ, ಬೀದಿಯ ಗಾಳಿ

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ನಿಪ್ಪಾಣಿಯ ಬಳಿ ತವಂದಿ ಘಟ್ಟವನ್ನೇರುವ ಲಾರಿಗಳ ಹಿಂದೆ ಕಾರು ನಡೆಸಿದವರಿಗೆ ಡೀಸೆಲ್ ಹೊಗೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಕಬ್ಬು ನುರಿಸುವ ಕಾಲದಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ರಸ್ತೆಗಳಲ್ಲಿ ಈ ಹೊಗೆಯೊಡನೆ ಟ್ರ್ಯಾಕ್ಟರುಗಳೆಬ್ಬಿಸುವ ಧೂಳೂ ಅಲ್ಲಲ್ಲಿ ಕಾಕಂಬಿಯ ನಾತವೂ ಕೂಡಿಕೊಳ್ಳುತ್ತವೆ. ಇದಕ್ಕೆ ಪರಿಹಾರವೆಂದು ಈಗ ಸಕ್ರಿಯ ಇದ್ದಲಿನ ಗಾಳಿ ಫಿಲ್ಟರುಗಳನ್ನು ಕಾರುಗಳಿಗೆ ಅಳವಡಿಸುತ್ತಿದ್ದಾರೆ. ಸಾಧನವೇನೋ ಒಳ್ಳೆಯದೇ. ಆದರೆ ಅದು ಏನು ಮಾಡಬಲ್ಲುದು, ಏನು ಮಾಡಲಾರದು ಎಂಬುದನ್ನು ಕೊಳ್ಳುವವರು ಅರಿತಿರಬೇಕು. ಅದು ಮಾಡಲಾರದ ಕೆಲಸವನ್ನು ಸಮಾಜವು ಮಾಡಬೇಕು ಎಂಬುದು ನಮ್ಮ ಅಭಿಪ್ರಾಯ.

ತೆಂಗಿನ ಚಿಪ್ಪು ಮೊದಲಾದವುಗಳ ಇದ್ದಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನೀರಾವಿಗೆ ಒಡ್ಡಿದರೆ ಅದರಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳು ಉಂಟಾಗುತ್ತವೆ. ಇಂಥ ಒಂದು ಗ್ರಾಂ ಇದ್ದಲಿನ ಒಳಮೈಯ ವಿಸ್ತಾರ ಸುಮಾರು 1,000 ಚದರ ಮೀಟರು. ನಮ್ಮ ರೈತರ ಲೆಕ್ಕದಲ್ಲಿ ಹತ್ತು ಗುಂಟೆ ಜಮೀನು! ಅನೇಕ ಅನಿಲಗಳ ಮತ್ತು ಆವಿಗಳ ಅಣುಗಳು ಈ ಮೈಗೆ ಅಂಟಿಕೊಂಡು ನಿಲ್ಲುತ್ತವೆ. ಇದಕ್ಕೆ ಅಧಿಶೋಷಣೆ ಎಂದು ಹೆಸರು. ಇದೇನೂ ಹೊಸ ಸಂಗತಿಯಲ್ಲ. ಇದ್ದಲು ದ್ರಾವಣಗಳ ಬಣ್ಣವನ್ನು ಹೀರುವುದೆಂದು ಲೋವಿಟ್ಸ್ ಎಂಬ ರಸಾಯನ ವಿಜ್ಞಾನಿ 1785ರಲ್ಲಿ ಕಂಡನು. ಮುಂದೆ ಸಕ್ಕರೆಯನ್ನು ಶುದ್ಧಿಗೊಳಿಸಲು ಇದ್ದಲು ನೆರವಾಯಿತು. ಮೊದಲನೆಯ ಮಹಾಯುದ್ಧದಲ್ಲಿ ವಿಷಾನಿಲದಿಂದ ಸೈನಿಕರನ್ನು ಕಾಯುವ ಮುಖವಾಡಗಳನ್ನೂ ಸೇರಿತು.

ಇನ್ನು ಅದರ ಮಿತಿಗಳನ್ನು ನೋಡೋಣ. ಧೂಳನ್ನು ಹಿಡಿಯುವುದು ಇದ್ದಲಲ್ಲ, ಅದರೊಡನೆ ಇರುವ ನಾರಿನ ಪದರ. ಇಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡನ್ನು ಈ ಫಿಲ್ಟರು ತಡೆಯಲಾರದು. ಆ ಅನಿಲವು ದ್ರವವಾಗಬೇಕಾದರೆ ಸೊನ್ನೆಗಿಂತ 190 ಡಿಗ್ರಿಗೂ ಕೆಳಗೆ ತಣಿಯಬೇಕು. ಸಾಮಾನ್ಯ ಉಷ್ಣತೆಯಲ್ಲಿ ಅದು ಇದ್ದಲಿಗೆ ಅಂಟುವುದೇ ಕಡಮೆ. ಆದುದರಿಂದ ಫಿಲ್ಟರನ್ನು ನಂಬಿ, ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ನಡೆಯುತ್ತಿರುವ ಕಾರಿನೊಳಗೆ ಯಾರೂ ಕೂಡಬಾರದು, ಅದು ಪ್ರಾಣಾಪಾಯ. ಕೊನೆಯದಾಗಿ, ಹತ್ತು ಗುಂಟೆಯೂ ಒಂದು ದಿನ ತುಂಬುತ್ತದೆ. ಸಾಮಾನ್ಯವಾಗಿ 10ರಿಂದ 15 ಸಾವಿರ ಕಿಲೋಮೀಟರುಗಳಿಗೊಮ್ಮೆ ಫಿಲ್ಟರನ್ನು ಬದಲಾಯಿಸಬೇಕು. ಧೂಳಿನ ರಸ್ತೆಗಳಲ್ಲಿ ಇನ್ನೂ ಬೇಗ. ಬಡಿದು ಕೊಡಹಿದರೆ ಧೂಳು ಸ್ವಲ್ಪ ಉದುರೀತು; ಇದ್ದಲಿಗೆ ಕಳೆದುಹೋದ ಶಕ್ತಿ ಮರಳದು.

ಇಷ್ಟೆಲ್ಲ ಸರಿಯಾಗಿ ನಡೆದರೂ ಲಾಭ ಕಾರಿನೊಳಗೆ ಕುಳಿತವರಿಗೆ ಮಾತ್ರ. ಕಬ್ಬಿನ ಗಾಡಿ ಎಳೆಯುವ ಟ್ರ್ಯಾಕ್ಟರಿನ ಚಾಲಕನಿಗೆ ಮುಚ್ಚಿದ ಕೋಣೆಯೇ ಇಲ್ಲ. ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿಯಲ್ಲಿ ಎಲೆಯನ್ನು ಬಡಿದು ಜರಡಿ ಹಿಡಿಯುವ ಹೆಣ್ಣುಮಕ್ಕಳು ಸೇವಿಸುವ ಧೂಳಿನಲ್ಲಿ ನಿಕೋಟಿನ್ ಉಂಟು. ಅಲ್ಲಿಯ ತಂಬಾಕು ಕಾರ್ಖಾನೆಗಳ ಕೆಲಸಗಾರ್ತಿಯರ ಸಂಘಟನೆಯನ್ನು ಕುರಿತು ಯುಗಾಂತರ ಎಂಬ ಮಹಿಳಾ ಬಳಗವು 1982ರಲ್ಲಿಯೇ ಚಲನಚಿತ್ರವೊಂದನ್ನು ತೆಗೆಯಿತು. ಪ್ರಶ್ನೆ ಇಂದು ಹುಟ್ಟಿದುದಲ್ಲವೆಂಬುದಕ್ಕೆ ಅದು ಸಾಕ್ಷಿ.

ಕಾರಿಗೆ ಒದಗಿದ ವಿಜ್ಞಾನ ಕಾರ್ಖಾನೆಗೆ ಒದಗದೆಂದು ಹೇಳಲು ಕಾರಣವಿಲ್ಲ. ಧೂಳೇಳುವ ಜಾಗದಲ್ಲಿಯೇ ಅದನ್ನು ಪಂಖದಿಂದ ಸೆಳೆದು ಬಟ್ಟೆಯ ಚೀಲಗಳಲ್ಲಿ ಹಿಡಿಯುವ ವ್ಯವಸ್ಥೆ ಬಹುಕಾಲದಿಂದ ಬಳಕೆಯಲ್ಲಿದೆ. ಅದರ ಖರ್ಚನ್ನು ಮಾಲೀಕರು ಹೊರಬೇಕು. ಅದು ನಡೆಯುತ್ತಿದೆಯೇ ಎಂಬುದನ್ನು ಸರ್ಕಾರ ನೋಡಬೇಕು. ಲಾರಿಗಳ ಹೊಗೆಯ ತಪಾಸಣೆ ಬರಿಯ ಕಾಗದದ ಶಾಸ್ತ್ರವಾಗಬಾರದು. ಕಾರುಳ್ಳವರು ಫಿಲ್ಟರನ್ನು ಅವಶ್ಯವಾಗಿ ಹಾಕಿಸಲಿ. ಆದರೆ ಗಾಜು ಏರಿಸಿದೊಡನೆ ತಮ್ಮ ಕರ್ತವ್ಯ ಮುಗಿಯಿತೆಂದು ಅವರು ತಿಳಿಯಬಾರದು. ಕಾರಿನಿಂದಿಳಿದೊಡನೆ ಅವರೂ ಉಸಿರಾಡುವುದು ಬೀದಿಯ ಗಾಳಿಯನ್ನೇ.