ನಾಣ್ಯಗಳು ನುಡಿವ ಸಾಕ್ಷ್ಯ

ಇತಿಹಾಸವೆಂದರೆ ಅರಸರ ಯುದ್ಧಗಳ ವೃತ್ತಾಂತವೆಂದು ಹಲವರು ಭಾವಿಸುತ್ತಾರೆ. ಜನಜೀವನದ ಎಷ್ಟೋ ಸಂಗತಿಗಳು ಗ್ರಂಥಗಳಲ್ಲಿ ದಾಖಲಾಗುವುದೇ ಇಲ್ಲ. ಅಂತಹವುಗಳಿಗೆ ಸಾಕ್ಷ್ಯ ನುಡಿಯಬಲ್ಲ ವಸ್ತುಗಳಲ್ಲಿ ನಾಣ್ಯವು ಮುಖ್ಯವಾದುದು. ಇಸ್ಲಾಮೀ ಸಾಮ್ರಾಜ್ಯದ ಪ್ರಾಚೀನ ನಾಣ್ಯಗಳು ಇದಕ್ಕೆ ಉತ್ತಮ ನಿದರ್ಶನ.

ಏಳನೆಯ ಶತಮಾನದಲ್ಲಿ ಪರ್ಷಿಯಾ, ಸಿರಿಯಾಗಳನ್ನು ಗೆದ್ದ ಅರಬರು ಅಲ್ಲಿನ ನಾಣ್ಯಪದ್ಧತಿಯನ್ನು ಕೂಡಲೇ ಅಳಿಸಿಹಾಕಲಿಲ್ಲ. ಆ ಕಾಲದ ಕೆಲವು ನಾಣ್ಯಗಳಲ್ಲಿ ಪರ್ಷಿಯಾದ ದೊರೆಯ ಮುಖ, ಅಗ್ನಿವೇದಿಕೆ, ಅರಬ್ಬೀ ಬರೆಹ ಮೂರೂ ಒಟ್ಟಿಗೆ ಕಾಣುತ್ತವೆ. ಸಿಂಹಾಸನ ಬದಲಾದರೂ ಸಂತೆಯ ವ್ಯವಹಾರ ಒಂದೇ ದಿನದಲ್ಲಿ ಬದಲಾಗದೆಂಬುದನ್ನು ಇವು ತಿಳಿಸುತ್ತವೆ. ಸುಮಾರು 697ರಲ್ಲಿ ಖಲೀಫ ಅಬ್ದುಲ್ ಮಲಿಕನು ಚಿತ್ರಗಳನ್ನು ಕೈಬಿಟ್ಟು, ಬರೆಹ ಮಾತ್ರವುಳ್ಳ ನಾಣ್ಯಗಳನ್ನು ಹೊರಡಿಸಿದನು. ಚಿನ್ನದ್ದು ದೀನಾರ, ಬೆಳ್ಳಿಯದು ದಿರ್ಹಮ್. ಈ ಎರಡನೆಯ ಹೆಸರಿಗೂ ಕನ್ನಡ ಶಾಸನಗಳ 'ದ್ರಮ್ಮ'ಕ್ಕೂ ಗ್ರೀಕರ 'ದ್ರಖ್ಮ'ವೇ ಮೂಲ. ದಿರ್ಹಮಿನ ಮೇಲೆ ಹಿಜರಿ ವರ್ಷವೂ ಟಂಕಸಾಲೆಯಿದ್ದ ಊರಿನ ಹೆಸರೂ ಇರುವುದರಿಂದ ಅದೊಂದು ಪುಟ್ಟ ಶಾಸನವೇ ಸರಿ.

ಇಂಗ್ಲೆಂಡಿನ ಮರ್ಸಿಯಾವನ್ನಾಳಿದ ಆಫನು (757–796) ಬಾಗ್ದಾದಿನ ದೀನಾರವನ್ನು ಅನುಕರಿಸಿ ಚಿನ್ನದ ನಾಣ್ಯವನ್ನು ಮಾಡಿಸಿದನು. ಅದರ ಅರಬ್ಬೀ ಬರೆಹದ ನಡುವೆ ಅವನ ಹೆಸರು ಲ್ಯಾಟಿನ್ ಲಿಪಿಯಲ್ಲಿ ತಲೆಕೆಳಗಾಗಿ ಮೂಡಿದೆ. ಅಚ್ಚು ಕೊರೆದವನಿಗೆ ಅರಬ್ಬೀ ತಿಳಿದಿರಲಿಲ್ಲ. ಆದರೆ ದೀನಾರದ ಕೀರ್ತಿ ಅಲ್ಲಿಯವರೆಗೂ ಹಬ್ಬಿದ್ದಿತು.

1999ರಲ್ಲಿ ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದ ಹೊಲವೊಂದರಲ್ಲಿ ಸುಮಾರು 67 ಕಿಲೋಗ್ರಾಂ ಬೆಳ್ಳಿ ದೊರೆಯಿತು. ಅದರಲ್ಲಿದ್ದ 14,000ಕ್ಕೂ ಹೆಚ್ಚು ನಾಣ್ಯಗಳಲ್ಲಿ ಬಹುಪಾಲು ದಿರ್ಹಮುಗಳು. ಹಾಗೆಂದು ಅರಬ್ ವರ್ತಕರು ಅಲ್ಲಿಗೆ ಹೋಗಿದ್ದರೆಂದು ನಿರ್ಣಯಿಸಲಾಗದು. ರಷ್ಯದ ನದಿಮಾರ್ಗಗಳಲ್ಲಿ ಕೈಯಿಂದ ಕೈಗೆ ಸಾಗಿ ಈ ಬೆಳ್ಳಿ ಉತ್ತರವನ್ನು ಸೇರಿತು. ಅದಕ್ಕೆ ಬದಲಾಗಿ ತುಪ್ಪುಳುಚರ್ಮ, ಜೇನುಮೇಣಗಳಷ್ಟೇ ಅಲ್ಲ, ಸೆರೆಹಿಡಿದ ಮನುಷ್ಯರೂ ದಾಸರಾಗಿ ಮಾರಾಟವಾಗುತ್ತಿದ್ದರು. ನಾಣ್ಯದ ಹೊಳಪನ್ನು ಮೆಚ್ಚುವವರು ಅದರ ಹಿಂದಿನ ಈ ಕಣ್ಣೀರನ್ನೂ ಮರೆಯಬಾರದು.

ನಾಣ್ಯದ ಬೆಲೆ ಅದರ ಲೋಹದಲ್ಲಿ ಮಾತ್ರವಿಲ್ಲ. ಅದು ಎಲ್ಲಿ, ಯಾವ ನಾಣ್ಯಗಳೊಡನೆ, ಎಷ್ಟು ಆಳದಲ್ಲಿ ದೊರೆಯಿತೆಂಬ ವಿವರವೇ ಅದರ ನಾಲಗೆ. ನಿಧಿಯನ್ನು ಗುಟ್ಟಾಗಿ ಅಗೆದು ಮಾರುವವನೂ, ಕರಗಿಸುವವನೂ ಆ ನಾಲಗೆಯನ್ನು ಕತ್ತರಿಸುತ್ತಾರೆ. ಕರಗಿದ ಬೆಳ್ಳಿಯಿಂದ ಹೊಸ ಒಡವೆಯನ್ನು ಮಾಡಬಹುದು. ಕಳೆದುಹೋದ ಸಾಕ್ಷ್ಯವನ್ನು ಮತ್ತೆ ಮಾಡಲಾಗದು. ಆದುದರಿಂದ ನೆಲದಲ್ಲಿ ದೊರೆತ ಪ್ರತಿಯೊಂದು ಹಳೆಯ ನಾಣ್ಯವೂ ಸಮಾಜದ ಸೊತ್ತೆಂದು ತಿಳಿದು ಕಾಪಾಡುವುದು ಎಲ್ಲರ ಕರ್ತವ್ಯ.